ವಿಶೇಷ ಶಿಕ್ಷಕರಿಗೆ ಹುದ್ದೆಯೂ ಬೇಕು, ಲೋಕದೃಷ್ಟಿಯೂ ಬೇಕು

ಅಂಗವೈಕಲ್ಯವುಳ್ಳ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರ ಹುದ್ದೆಗಳು ಎಷ್ಟು ಎಂಬುದನ್ನು ಮೂರು ವಾರಗಳೊಳಗೆ ಅಧಿಸೂಚನೆಯ ಮೂಲಕ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 7ರಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಇದು ಹಠಾತ್ತನೆ ಬಂದ ಆದೇಶವಲ್ಲ. ವಿಶೇಷ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಅನುಪಾತವನ್ನು ಗೊತ್ತುಪಡಿಸುವಂತೆ 2021ರ ಅಕ್ಟೋಬರ್‌ನಲ್ಲಿಯೇ ಇದೇ ಪ್ರಕರಣದಲ್ಲಿ ನ್ಯಾಯಾಲಯ ಕೇಂದ್ರಕ್ಕೆ ಸೂಚಿಸಿತ್ತು. ಅದರಂತೆ 2022ರಲ್ಲಿ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಮಾನದಂಡ ನಿಗದಿಯಾಯಿತು. ಆದರೂ ನೇಮಕಾತಿ ಮುಂದುವರಿಯಲಿಲ್ಲ. ಕೆಲವು ರಾಜ್ಯಗಳು ಹುದ್ದೆಗಳನ್ನು ಗುರುತಿಸಿ ಸುಮ್ಮನಾದವು, ಇನ್ನು ಕೆಲವು ಗುರುತಿಸುವ ಗೋಜಿಗೂ ಹೋಗಲಿಲ್ಲ.

ಹುದ್ದೆಗಳ ಸಂಖ್ಯೆಯ ಬಗ್ಗೆ ಚರ್ಚೆ ನಡೆಯುತ್ತಿರುವುದು ಸ್ವಾಗತಾರ್ಹ. ಆದರೆ ಆ ಹುದ್ದೆಗಳಿಗೆ ಬರುವ ಶಿಕ್ಷಕ, ಶಿಕ್ಷಕಿಯರು ಏನನ್ನು ಕಲಿತು ಬರುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರುತ್ತಿಲ್ಲ. ಒಂದು ನ್ಯೂನತೆಯ ಲಕ್ಷಣಗಳನ್ನೂ ಅದಕ್ಕೆ ತಕ್ಕ ಬೋಧನಾ ಕ್ರಮವನ್ನೂ ನಮ್ಮ ತರಬೇತಿ ಕಲಿಸುತ್ತದೆ. ಪಠ್ಯದಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಯ ಹೆಸರಿದೆ, ಸಲಮಾಂಕಾ ಘೋಷಣೆಯ ಹೆಸರಿದೆ. ಪರೀಕ್ಷೆಯಲ್ಲಿ ಅವು ಐದು ಅಂಕಗಳ ಟಿಪ್ಪಣಿಯಾಗಿ ಮುಗಿಯುತ್ತವೆ. ಅಂಗವೈಕಲ್ಯವುಳ್ಳವರನ್ನು ಶಾಲೆಯ ಒಳಗೆ ತರಲು ಬೇರೆ ಬೇರೆ ಸಮಾಜಗಳು ಏನನ್ನು ಪ್ರಯತ್ನಿಸಿದವು, ಎಲ್ಲಿ ಎಡವಿದವು, ಹೇಗೆ ತಿದ್ದಿಕೊಂಡವು ಎಂಬ ಅರಿವು ಆ ಟಿಪ್ಪಣಿಯಿಂದ ಬಾರದು. ಅದಿಲ್ಲದ ಶಿಕ್ಷಕರು ಇಲಾಖೆಯ ಸುತ್ತೋಲೆಯನ್ನು ಪಾಲಿಸಬಲ್ಲರೇ ಹೊರತು, ಎದುರಿಗಿರುವ ಮಗುವಿಗೆ ನ್ಯಾಯವಾಗಿ ಏನು ಸಿಗಬೇಕಿತ್ತು, ಏನು ಸಿಕ್ಕಿಲ್ಲ ಎಂಬುದನ್ನು ಗುರುತಿಸಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಧನ ಬಂದಿತು, ಕಲಿಕೆ ಬರಲಿಲ್ಲ

ಸರ್ವ ಶಿಕ್ಷಾ ಅಭಿಯಾನದ ಆರಂಭದ ವರ್ಷಗಳಲ್ಲಿ ನಾನು ಜಿಲ್ಲಾ ಆಡಳಿತದಲ್ಲಿದ್ದೆ. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 1,200 ರೂಪಾಯಿ ವೆಚ್ಚ ಮಾಡಲು ಆಗ ಅವಕಾಶವಿತ್ತು. (ಸಮಗ್ರ ಶಿಕ್ಷಾ ಯೋಜನೆಯಲ್ಲಿ ಅದು 3,500 ರೂಪಾಯಿಗೆ ಏರಿತು.) ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನಾವು ಕೇಳುತ್ತಿದ್ದ ಪ್ರಶ್ನೆಗಳು ಮೂರು: ಎಷ್ಟು ಮಕ್ಕಳು ದಾಖಲಾಗಿದ್ದಾರೆ, ಎಷ್ಟು ಸಾಧನ ಸಲಕರಣೆ ವಿತರಣೆಯಾಗಿದೆ, ಎಷ್ಟು ಶಾಲೆಗಳಲ್ಲಿ ಇಳಿಜಾರು ನಿರ್ಮಾಣವಾಗಿದೆ. ಮೂರಕ್ಕೂ ಅಂಕಿ ಅಂಶಗಳು ಸಿದ್ಧವಾಗಿರುತ್ತಿದ್ದವು. ಬಳಕೆ ಪ್ರಮಾಣಪತ್ರ ದೆಹಲಿಗೆ ಹೋಗುತ್ತಿತ್ತು, ಮುಂದಿನ ಕಂತು ಬಿಡುಗಡೆಯಾಗುತ್ತಿತ್ತು.

ಗ್ರಾಮವೊಂದರ ಶಾಲೆಗೆ ಭೇಟಿ ನೀಡಿದಾಗ ಏಳನೆಯ ತರಗತಿಯ ಕಿವುಡ ಬಾಲಕಿಯೊಬ್ಬಳ ಪುಸ್ತಕವನ್ನು ಅಲ್ಲಿನ ಶಿಕ್ಷಕರು ಹೆಮ್ಮೆಯಿಂದ ತೋರಿಸಿದರು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಕಪ್ಪುಹಲಗೆಯ ಮೇಲಿದ್ದ ಒಂದು ಸಾಲೂ ಬಿಟ್ಟುಹೋಗಿರಲಿಲ್ಲ. ಅದೇ ಪುಟದಲ್ಲಿದ್ದ ‘ಮರ’ ಎಂಬ ಪದದ ಮೇಲೆ ಬೆರಳಿಟ್ಟು, ಕಿಟಕಿಯಾಚೆ ಇದ್ದ ಮರ, ಬಾಗಿಲು, ಬೆಂಚುಗಳಲ್ಲಿ ಅದು ಯಾವುದೆಂದು ಸನ್ನೆಯಿಂದ ಕೇಳಿದಾಗ ಆಕೆಗೆ ತೋರಿಸಲಾಗಲಿಲ್ಲ. ಏಳು ವರ್ಷ ಆಕೆ ಅಕ್ಷರಗಳ ಚಿತ್ರವನ್ನು ಬಿಡಿಸಿದ್ದಳು. ಶಿಬಿರದಲ್ಲಿ ಕೊಟ್ಟಿದ್ದ ಶ್ರವಣ ಸಾಧನ ಮನೆಯ ಟ್ರಂಕಿನಲ್ಲಿತ್ತು. ಅದರ ಬ್ಯಾಟರಿ ಕೆಲವೇ ವಾರಗಳಲ್ಲಿ ಮುಗಿಯುವಂಥದ್ದು. ಮಗು ಬೆಳೆದಂತೆ ಕಿವಿಯ ಅಚ್ಚನ್ನು ಬದಲಿಸಬೇಕು. ಮೊದಲ ಬಾರಿಗೆ ಸದ್ದು ಕೇಳುವ ಮಗುವಿಗೆ ಅದು ಬರಿಯ ಗದ್ದಲವಾಗಿರುವುದರಿಂದ ಆಲಿಸುವುದನ್ನು ಕಲಿಸಬೇಕು. ಇದನ್ನು ಆ ಮನೆಯವರಿಗಾಗಲೀ ಶಾಲೆಗಾಗಲೀ ಹೇಳಿದವರಿರಲಿಲ್ಲ. ನಮ್ಮ ಲೆಕ್ಕದ ಪ್ರಕಾರ ಆಕೆ ದಾಖಲಾದ, ಸಾಧನ ಪಡೆದ, ಹಾಜರಾತಿ ಇರುವ ಫಲಾನುಭವಿ.

ಸುಗಮ್ಯತೆ ಎಂದರೆ ಕಟ್ಟಡದ ಇಳಿಜಾರು ಎಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ಇಳಿಜಾರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಾಲಕಿಗೆ ಬೇಕಾಗಿದ್ದ ಸುಗಮ್ಯತೆ ಒಂದು ಭಾಷೆ. ದೃಷ್ಟಿಯಿಲ್ಲದ ಮಗುವಿಗೆ ಅದು ಬೆರಳಿಗೆ ಅಥವಾ ಕಿವಿಗೆ ಎಟುಕುವ ಪುಸ್ತಕ. ಬೌದ್ಧಿಕ ನ್ಯೂನತೆಯ ಮಗುವಿಗೆ ಅದು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿದ ಪಾಠ ಮತ್ತು ಅದಕ್ಕೆ ಬೇಕಾದ ಸಮಯ. ಇವನ್ನು ಗುತ್ತಿಗೆದಾರರು ಕಟ್ಟಿಕೊಡಲಾರರು, ಶಿಕ್ಷಕರೇ ಒದಗಿಸಬೇಕು.

ಜಗತ್ತಿನ ಅನುಭವ ಹೇಳುವುದೇನು?

ಲೋಕದ ಅರಿವು ಎಂದೊಡನೆ ಪಾಶ್ಚಾತ್ಯರ ಅನುಕರಣೆ ಎಂದು ಭಾವಿಸಬೇಕಾಗಿಲ್ಲ. ಆ ದೇಶಗಳ ತಪ್ಪುಗಳನ್ನೂ ಓದಿಕೊಳ್ಳುವುದು ಅದರ ಮುಖ್ಯ ಭಾಗ. ಇದಕ್ಕೆ 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕಿವುಡ ಮಕ್ಕಳಿಗೆ ತುಟಿ ಚಲನೆ ಮತ್ತು ಮಾತಿನ ಮೂಲಕವೇ ಕಲಿಸಬೇಕು, ಸನ್ನೆ ಭಾಷೆಯನ್ನು ಕೈಬಿಡಬೇಕು ಎಂದು ಅಲ್ಲಿ ನಿರ್ಣಯವಾಯಿತು. ನಿರ್ಣಯಿಸಿದವರು ಬಹುಪಾಲು ಕೇಳಬಲ್ಲವರೇ. ಯೂರೋಪ್, ಅಮೆರಿಕಗಳ ಶಾಲೆಗಳಲ್ಲಿ ಸನ್ನೆ ಹಿಂದೆ ಸರಿಯಿತು, ಕಿವುಡ ಶಿಕ್ಷಕರು ತಮ್ಮ ಕೆಲಸ ಕಳೆದುಕೊಂಡರು. ಆ ಗಾಳಿ ವಸಾಹತುಗಳಿಗೂ ಬೀಸಿತು. ನಮ್ಮ ಹಲವು ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಪೆಟ್ಟು ಬೀಳುತ್ತಿದ್ದುದರ ಹಿಂದೆ ಇದೇ ನಂಬಿಕೆಯಿತ್ತು. ಅದೇ ಸಮ್ಮೇಳನದ ಪರಂಪರೆಗೆ ಸೇರಿದ ಸಭೆ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಮಿಲಾನ್ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ನಡುವೆ ಉರುಳಿದ್ದು 130 ವರ್ಷ. ಈ ಇತಿಹಾಸ ತಿಳಿದ ಶಿಕ್ಷಕಿ ಸನ್ನೆ ಮಾಡುವ ಮಗುವನ್ನು ತಡೆಯುವ ಮುನ್ನ ಒಮ್ಮೆ ಯೋಚಿಸುತ್ತಾಳೆ.

ಅಮೆರಿಕ 1975ರಲ್ಲಿ ಅಂಗವೈಕಲ್ಯವುಳ್ಳ ಎಲ್ಲ ಮಕ್ಕಳ ಶಿಕ್ಷಣಕ್ಕಾಗಿ ಕಾಯ್ದೆ ಮಾಡಿತು. ಅದರ ಜೀವಾಳವಿರುವುದು ಪ್ರತಿ ಮಗುವಿಗೂ ಪ್ರತ್ಯೇಕವಾಗಿ ಬರೆಯಬೇಕಾದ ಶಿಕ್ಷಣ ಯೋಜನೆಯಲ್ಲಿ. ಈ ವರ್ಷ ಮಗು ಏನನ್ನು ಕಲಿಯಬೇಕು, ಅದಕ್ಕೆ ಶಾಲೆ ಏನನ್ನು ಒದಗಿಸುತ್ತದೆ ಎಂಬುದನ್ನು ತಂದೆತಾಯಿಗಳ ಜೊತೆ ಕುಳಿತು ಬರೆಯಬೇಕು. ಅವರಿಗೆ ಒಪ್ಪಿಗೆಯಾಗದಿದ್ದರೆ ಪ್ರಶ್ನಿಸುವ ಕಾನೂನುಬದ್ಧ ಹಕ್ಕಿದೆ. ನಮ್ಮಲ್ಲಿಯೂ ವೈಯಕ್ತಿಕ ಶಿಕ್ಷಣ ಯೋಜನೆಯ ನಮೂನೆ ಬಂದಿದೆ. ನಮೂನೆ ಬಂದಿತು, ಪ್ರಶ್ನಿಸುವ ಹಕ್ಕು ಅದರ ಜೊತೆ ಬರಲಿಲ್ಲ. ಹೀಗಾಗಿ ಅದು ಹಲವೆಡೆ ವರ್ಷಾಂತ್ಯದಲ್ಲಿ ತುಂಬಿಸಿಡುವ ಕಾಗದವಾಗಿದೆ.

ಇಟಲಿಯ ದಾರಿ ಬೇರೆ. 1977ರ ಕಾನೂನಿನ ಮೂಲಕ ಆ ದೇಶ ಪ್ರತ್ಯೇಕ ತರಗತಿಗಳನ್ನು ತೆಗೆದುಹಾಕಿ, ಅಂಗವೈಕಲ್ಯವುಳ್ಳ ಮಕ್ಕಳನ್ನು ಸಾಮಾನ್ಯ ತರಗತಿಗಳಿಗೆ ತಂದಿತು. ಅವರಿಗಾಗಿ ನೇಮಕವಾಗುವ ಬೆಂಬಲ ಶಿಕ್ಷಕರು ಕಾನೂನಿನ ದೃಷ್ಟಿಯಲ್ಲಿ ಇಡೀ ತರಗತಿಯ ಶಿಕ್ಷಕರು, ಆ ಒಂದು ಮಗುವಿನ ಕಾವಲುಗಾರರಲ್ಲ. ಈ ಸಣ್ಣ ವ್ಯತ್ಯಾಸದ ಪರಿಣಾಮ ದೊಡ್ಡದು. ನಮ್ಮ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಬಂದ ದಿನ ಆ ಮಗುವನ್ನು ಮೂಲೆಗೆ ಕೂರಿಸಿ ಪ್ರತ್ಯೇಕ ಪಾಠ ನಡೆಯುತ್ತದೆ. ತರಗತಿಯ ಶಿಕ್ಷಕರು ಅದು ತಮ್ಮ ಹೊಣೆಯಲ್ಲವೆಂದು ನಿರಾಳರಾಗುತ್ತಾರೆ. ಒಂದೇ ಕೊಠಡಿಯೊಳಗೆ ಎರಡು ಶಾಲೆ ನಡೆದಂತಾಗುತ್ತದೆ.

ಬ್ರಿಟನ್‌ನಲ್ಲಿ ಮೇರಿ ವಾರ್ನಾಕ್ ಅಧ್ಯಕ್ಷತೆಯ ಸಮಿತಿ 1978ರಲ್ಲಿ ನೀಡಿದ ವರದಿ, ಮಕ್ಕಳನ್ನು ವೈದ್ಯಕೀಯ ವರ್ಗಗಳಾಗಿ ವಿಂಗಡಿಸುವ ಬದಲು ಅವರ ಶೈಕ್ಷಣಿಕ ಅಗತ್ಯಗಳನ್ನು ನೋಡಬೇಕೆಂದಿತು. ಐವರಲ್ಲಿ ಒಬ್ಬ ಮಗುವಿಗೆ ಶಾಲಾ ಜೀವನದ ಯಾವುದಾದರೊಂದು ಹಂತದಲ್ಲಿ ವಿಶೇಷ ನೆರವು ಬೇಕಾಗಬಹುದೆಂದು ಅದು ಅಂದಾಜಿಸಿತ್ತು. ಇಂಗ್ಲೆಂಡಿನ ಸಾಮಾನ್ಯ ಶಾಲೆಗಳಲ್ಲಿ ಈ ಮಕ್ಕಳ ಹೊಣೆ ಹೊತ್ತ ಸಂಯೋಜಕ ಶಿಕ್ಷಕರೊಬ್ಬರು ಇರಲೇಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಎಲ್ಲರನ್ನೂ ಸಾಮಾನ್ಯ ಶಾಲೆಗೆ ಸೇರಿಸುವ ನೀತಿ ಕೆಲವು ಮಕ್ಕಳಿಗೆ ಒಳಿತು ಮಾಡಿಲ್ಲವೆಂದು ಅದೇ ವಾರ್ನಾಕ್ 2005ರಲ್ಲಿ ಬರೆದರು. ಇದು ಇತ್ಯರ್ಥವಾದ ಪ್ರಶ್ನೆಯಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳು ಇದನ್ನು ಸಿದ್ಧ ಉತ್ತರವಾಗಿ ಬಾಯಿಪಾಠ ಮಾಡುವುದಕ್ಕಿಂತ ವಾದ ಪ್ರತಿವಾದಗಳಾಗಿ ಓದುವುದು ಒಳ್ಳೆಯದು.

ಯುನೆಸ್ಕೊ ಮತ್ತು ಸ್ಪೇನ್ ಸರ್ಕಾರ 1994ರ ಜೂನ್‌ನಲ್ಲಿ ಸಲಮಾಂಕಾ ನಗರದಲ್ಲಿ ಕರೆದ ಸಮ್ಮೇಳನದಲ್ಲಿ 92 ಸರ್ಕಾರಗಳು ಪಾಲ್ಗೊಂಡು, ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆಯಬೇಕೆಂದು ಘೋಷಿಸಿದವು. ವಿಶ್ವಸಂಸ್ಥೆಯ ಮಹಾಸಭೆ 2006ರ ಡಿಸೆಂಬರ್ 13ರಂದು ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರ ಅಕ್ಟೋಬರ್ 1ರಂದೇ ಅದನ್ನು ಅನುಮೋದಿಸಿತು. ಅದರ 24ನೆಯ ವಿಧಿ ಶಿಕ್ಷಣವನ್ನು ಕುರಿತದ್ದು. ಸನ್ನೆ ಭಾಷೆ ಮತ್ತು ಬ್ರೈಲ್ ಬಲ್ಲ ಶಿಕ್ಷಕರನ್ನು, ಅಂಗವೈಕಲ್ಯವುಳ್ಳ ಶಿಕ್ಷಕರೂ ಸೇರಿದಂತೆ, ನೇಮಿಸಬೇಕೆಂದು ಅದು ಹೇಳುತ್ತದೆ. ಮಿಲಾನ್ ಹೊರದಬ್ಬಿದವರನ್ನು ಈ ವಿಧಿ ಮತ್ತೆ ಶಾಲೆಯೊಳಗೆ ಕರೆದಿದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೆಯ ಪ್ರಕರಣ ಇದೇ ಮಾತನ್ನು ಪುನರುಚ್ಚರಿಸುತ್ತದೆ.

ಒಬ್ಬ ಶಿಕ್ಷಕರು, 21 ನ್ಯೂನತೆಗಳು

ನಮ್ಮ ನೆಲದಲ್ಲಿ ಈ ಕೆಲಸಕ್ಕೆ ಪರಂಪರೆಯಿಲ್ಲವೆಂದು ಹೇಳಲಾಗದು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ ನಗರದಲ್ಲಿ 1965ರಲ್ಲಿ ಸ್ಥಾಪನೆಯಾಯಿತು. ಸಂಸತ್ತು 1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯನ್ನು ಅಂಗೀಕರಿಸಿ, ವಿಶೇಷ ಶಿಕ್ಷಕರ ತರಬೇತಿಗೆ ಒಂದು ಶಿಸ್ತು ತಂದಿತು. ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಬಹುದೆಂಬ ನಿಯಮದಿಂದ ಗುಣಮಟ್ಟ ಸುಧಾರಿಸಿತು.

ತೊಡಕಿರುವುದು ಈ ತರಬೇತಿಯ ರಚನೆಯಲ್ಲಿ. ಶ್ರವಣದೋಷಕ್ಕೆ ಒಂದು ಬಿ.ಇಡಿ., ದೃಷ್ಟಿದೋಷಕ್ಕೆ ಒಂದು, ಬೌದ್ಧಿಕ ನ್ಯೂನತೆಗೆ ಮತ್ತೊಂದು, ಹೀಗೆ ಕವಲುಗಳು ಒಡೆದಿವೆ. ಎಲ್ಲ ನ್ಯೂನತೆಗಳ ಪರಿಚಯ ಮಾಡಿಕೊಡುವ ಪತ್ರಿಕೆಗಳು ಇದ್ದರೂ ಅಭ್ಯಾಸ ನಡೆಯುವುದು ಒಂದೇ ಕವಲಿನಲ್ಲಿ. ಪ್ರತ್ಯೇಕ ವಸತಿ ಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಪಡಿಸುವ ಕಾಲದಲ್ಲಿ ಇದು ಸರಿಯಾಗಿತ್ತು. ಇಂದು ಕರ್ನಾಟಕದಲ್ಲಿ ಸಮನ್ವಯ ಶಿಕ್ಷಣದ ಭಾರವನ್ನು ಹೊತ್ತಿರುವವರು ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿರುವ ಬಿಐಇಆರ್‌ಟಿಗಳು. ಒಂದು ತಾಲ್ಲೂಕಿಗೆ ಬೆರಳೆಣಿಕೆಯ ಈ ಶಿಕ್ಷಕರು ಬಸ್ಸು ಹಿಡಿದು ಶಾಲೆಯಿಂದ ಶಾಲೆಗೆ ಹೋಗುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ನೀಡಲು ಮನೆಗಳಿಗೂ ಹೋಗುತ್ತಾರೆ. ಒಂದೇ ದಿನ ಬೆಳಿಗ್ಗೆ ದೃಷ್ಟಿದೋಷದ ಮಗು, ಮಧ್ಯಾಹ್ನ ಸೆರೆಬ್ರಲ್ ಪಾಲ್ಸಿಯ ಮಗು, ಸಂಜೆ ಸ್ವಲೀನತೆಯ ಮಗು ಅವರ ಎದುರಾಗಬಹುದು. 2016ರ ಕಾಯ್ದೆ ಗುರುತಿಸುವ ನ್ಯೂನತೆಗಳು 21. ಒಂದನ್ನು ಕಲಿತ ಶಿಕ್ಷಕಿ ಉಳಿದ 20ರ ಎದುರು ತನ್ನ ಸ್ವಂತ ಬುದ್ಧಿಯನ್ನು ಮಾತ್ರ ನಂಬಬೇಕು.

ಇದಕ್ಕೆ ಆಡಳಿತದ ಒಡಕೂ ಸೇರಿಕೊಂಡಿದೆ. ವಿಶೇಷ ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ಪುನರ್ವಸತಿ ಪರಿಷತ್ತು ಸಾಮಾಜಿಕ ನ್ಯಾಯ ಸಚಿವಾಲಯದ ಅಡಿಯಲ್ಲಿದೆ. ಸಾಮಾನ್ಯ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಶಿಕ್ಷಣ ಸಚಿವಾಲಯದ ಅಡಿಯಲ್ಲಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಆರೋಗ್ಯ ಸಚಿವಾಲಯ. ರಾಜ್ಯದಲ್ಲಿಯೂ ವಿಶೇಷ ಶಾಲೆಗಳಿಗೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಸಾಮಾನ್ಯ ಶಾಲೆಗಳಿಗೆ ಶಾಲಾ ಶಿಕ್ಷಣ ಇಲಾಖೆ. ಸರ್ಕಾರದಲ್ಲಿ ಮೂರು ದಶಕ ಕಳೆದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಅಭಿಪ್ರಾಯ ಕೋರಿ ಹೋಗುತ್ತದೆ, ಮಗುವಿನ ವರ್ಷಗಳು ಸರಿಯುತ್ತವೆ.

ಕನ್ನಡದಲ್ಲಿ ಸುಗಮ್ಯತೆ

ಜಾಗತಿಕ ಅನುಭವವನ್ನು ನಮ್ಮ ಭಾಷೆಗೆ ಒಗ್ಗಿಸಿಕೊಂಡ ಒಳ್ಳೆಯ ನಿದರ್ಶನ ಭಾರತಿ ಬ್ರೈಲ್. ಸ್ವಾತಂತ್ರ್ಯಕ್ಕೆ ಮೊದಲು ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ಬ್ರೈಲ್ ಲಿಪಿಗಳು ಬಳಕೆಯಲ್ಲಿದ್ದವು. ಯುನೆಸ್ಕೊ ನಡೆಸಿದ ಏಕರೂಪತೆಯ ಪ್ರಯತ್ನದ ಹಿನ್ನೆಲೆಯಲ್ಲಿ 1951ರಲ್ಲಿ ಭಾರತ ಒಂದೇ ಪದ್ಧತಿಯನ್ನು ಒಪ್ಪಿಕೊಂಡಿತು. ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಅದೇ ಎರಡು ಚುಕ್ಕಿ. ಇಂಗ್ಲಿಷಿನ ‘ಕೆ’ ಅಕ್ಷರಕ್ಕೂ ಅವೇ. ಕಣ್ಣಿಗೆ ಬೇರೆಯಾಗಿ ಕಾಣುವ ಲಿಪಿಗಳು ಬೆರಳಿಗೆ ಒಂದಾದವು. ಲೋಕದ ಚೌಕಟ್ಟನ್ನು ಒಪ್ಪಿಯೂ ನಮ್ಮ ವರ್ಣಮಾಲೆಯನ್ನು ಉಳಿಸಿಕೊಂಡ ಇದು ವಿಶೇಷ ಶಿಕ್ಷಕರ ಮೊದಲ ಪಾಠಗಳಲ್ಲೊಂದಾಗಬೇಕು.

ಇಂದಿನ ಸವಾಲು ಗಣಕದಲ್ಲಿದೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ತಂತ್ರಜ್ಞರು ರೂಪಿಸಿದರು. ಅದು ಸಂಪೂರ್ಣ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕಡತವನ್ನು ಅದು ಓದಲಾರದು. ಕಣ್ಣಿಗೆ ಸುಂದರ ಕನ್ನಡವಾಗಿ ಕಾಣುವ ಪುಟ ಆ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದೇ ಪುಟ ಯೂನಿಕೋಡ್‌ನಲ್ಲಿದ್ದರೆ ದೃಷ್ಟಿಯಿಲ್ಲದ ವಿದ್ಯಾರ್ಥಿ ತಾನೇ ಓದಿಕೊಳ್ಳುತ್ತಾನೆ. ಪುಟವನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಹಂಚಿದರೂ ಇದೇ ತೊಂದರೆ. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಸುತ್ತೋಲೆಗಳನ್ನು ಆರಂಭದಿಂದಲೇ ಯೂನಿಕೋಡ್‌ನಲ್ಲಿ ಸಿದ್ಧಪಡಿಸಲು ಹೇಳಿಕೊಳ್ಳುವಂಥ ವೆಚ್ಚವಿಲ್ಲ. ಬೇಕಾದದ್ದು, ಅದನ್ನು ಕೇಳಬೇಕೆಂದು ತಿಳಿದಿರುವ ಶಿಕ್ಷಕರು.

ಕೃತಿಸ್ವಾಮ್ಯದ ಅಡ್ಡಿಯನ್ನೂ ಜಗತ್ತು ಬಹುಮಟ್ಟಿಗೆ ನಿವಾರಿಸಿದೆ. ಮುದ್ರಿತ ಪುಸ್ತಕಗಳನ್ನು ಓದಲಾಗದವರಿಗಾಗಿ ಅವುಗಳ ಸುಗಮ್ಯ ಪ್ರತಿಗಳನ್ನು ತಯಾರಿಸಿ ದೇಶದಿಂದ ದೇಶಕ್ಕೆ ಕಳುಹಿಸಲು ಅವಕಾಶ ನೀಡುವ ಮರಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಿತು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರ ಜೂನ್‌ನಲ್ಲಿ. ಅದಕ್ಕೂ ಮುನ್ನವೇ 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಇಂಥ ವಿನಾಯಿತಿಯನ್ನು ಸೇರಿಸಲಾಗಿತ್ತು. ‘ಸುಗಮ್ಯ ಪುಸ್ತಕಾಲಯ’ ಎಂಬ ಡಿಜಿಟಲ್ ಗ್ರಂಥಾಲಯ 2016ರಲ್ಲಿ ಆರಂಭವಾಯಿತು. ಹೀಗೆ ಕಾನೂನು ರೂಪಿಸುವುದರಲ್ಲಿ ನಾವು ಮುಂದಿದ್ದೇವೆ. ಆ ಕಾನೂನು ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯ ಕೈಗೆ ಪುಸ್ತಕವಾಗಿ ತಲುಪಬೇಕಾದರೆ ನಡುವೆ ಒಬ್ಬ ಬಲ್ಲವರಿರಬೇಕು.

ಸನ್ನೆ ಭಾಷೆಯ ಮಾತೂ ಇದೇ. ಅದು ಲೋಕಕ್ಕೆಲ್ಲ ಒಂದೇ ಎಂದು ತಿಳಿದ ಶಿಕ್ಷಕರನ್ನು ನಾನು ಕಂಡಿದ್ದೇನೆ. ಅಮೆರಿಕದ ಸನ್ನೆ ಭಾಷೆಗೆ ಬ್ರಿಟನ್ನಿನದಕ್ಕಿಂತ ಫ್ರಾನ್ಸಿನ ಸನ್ನೆ ಭಾಷೆ ಹೆಚ್ಚು ಹತ್ತಿರ. ಭಾರತಕ್ಕೆ ತನ್ನದೇ ಆದ ಸನ್ನೆ ಭಾಷೆಯಿದೆ, ಅದಕ್ಕೆ ತನ್ನದೇ ವ್ಯಾಕರಣವಿದೆ. ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. 2021ರಲ್ಲಿ ಅದು ಹೊರತಂದ ನಿಘಂಟಿನ ಮೂರನೆಯ ಆವೃತ್ತಿಯಲ್ಲಿ 10,000 ಪದಗಳಿವೆ. ನಮ್ಮ ಕಿವುಡ ಮಗು ಈ ಸನ್ನೆ ಭಾಷೆಯನ್ನೂ ಬರಹದ ಕನ್ನಡವನ್ನೂ ಕಲಿಯುವ ದ್ವಿಭಾಷಿ. ಮೊದಲನೆಯದು ಎಳೆಯ ವಯಸ್ಸಿನಲ್ಲಿಯೇ ಗಟ್ಟಿಯಾಗದಿದ್ದರೆ ಎರಡನೆಯದು ನಾನು ಮೇಲೆ ಹೇಳಿದ ಪುಸ್ತಕದಂತೆ ಅರ್ಥವಿಲ್ಲದ ಅಂದದ ಅಕ್ಷರವಾಗಿಯೇ ಉಳಿಯುತ್ತದೆ.

ಎಣಿಕೆಯ ಅರ್ಥಶಾಸ್ತ್ರ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಅಂಕಿಗಳ ಕಡೆಗೆ ಗಮನ ಹೋಗುವುದು ಅಭ್ಯಾಸ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯವುಳ್ಳವರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯು 2022ರ ತನ್ನ ವರದಿಯಲ್ಲಿ ನೀಡಿದ ಜಾಗತಿಕ ಅಂದಾಜು ಶೇ 16. ಭಾರತೀಯರು ಜಗತ್ತಿನ ಉಳಿದವರಿಗಿಂತ ಏಳು ಪಟ್ಟು ಆರೋಗ್ಯವಂತರೆಂದು ಯಾರೂ ನಂಬಲಾರರು. ವ್ಯತ್ಯಾಸ ಇರುವುದು ಪ್ರಶ್ನೆಯಲ್ಲಿ. ‘ನಿಮ್ಮ ಮನೆಯಲ್ಲಿ ಅಂಗವಿಕಲರಿದ್ದಾರೆಯೇ’ ಎಂದು ಕೇಳಿದರೆ ಸಂಕೋಚದ ಉತ್ತರ ಬರುತ್ತದೆ. ನೋಡಲು, ಕೇಳಲು, ನಡೆಯಲು, ನೆನಪಿಟ್ಟುಕೊಳ್ಳಲು ಎಷ್ಟು ಕಷ್ಟವಾಗುತ್ತದೆ ಎಂದು ಕೇಳಿದರೆ ನಿಜಸ್ಥಿತಿ ಗೊತ್ತಾಗುತ್ತದೆ. ವಿಶ್ವಸಂಸ್ಥೆಯ ಆಶ್ರಯದ ವಾಷಿಂಗ್ಟನ್ ತಂಡ ರೂಪಿಸಿರುವ ಪ್ರಶ್ನೆಗಳು ಈ ಬಗೆಯವು. ಮಕ್ಕಳಿಗಾಗಿ ಯೂನಿಸೆಫ್ ಜೊತೆಗೂಡಿ ಸಿದ್ಧಪಡಿಸಿದ ಪ್ರತ್ಯೇಕ ಪ್ರಶ್ನಾವಳಿಯೂ ಇದೆ. ಶಾಲೆಯ ಹಿಂದಿನ ಬೆಂಚಿನಲ್ಲಿ ‘ದಡ್ಡ’ ಎನಿಸಿಕೊಂಡು ಕುಳಿತ ಕಲಿಕಾ ನ್ಯೂನತೆಯ ಹುಡುಗ ಇಂಥ ಪ್ರಶ್ನೆಗಳಿಂದ ಮಾತ್ರ ಲೆಕ್ಕಕ್ಕೆ ಸಿಗುತ್ತಾನೆ. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಅನುಪಾತಕ್ಕೆ ಅರ್ಥ ಬರಬೇಕಾದರೂ ಮೊದಲು ಮಕ್ಕಳ ಎಣಿಕೆ ಸರಿಯಿರಬೇಕು.

ಅಮರ್ತ್ಯ ಸೇನ್ ಅವರ ಚಿಂತನೆ ಇಲ್ಲಿ ದಾರಿ ತೋರುತ್ತದೆ. ಅಂಗವೈಕಲ್ಯವುಳ್ಳ ವ್ಯಕ್ತಿಗೆ ಗಳಿಕೆಯಲ್ಲಿ ಹಿನ್ನಡೆಯಾಗುವುದು ಒಂದು ತೊಡಕಾದರೆ, ಗಳಿಸಿದ್ದನ್ನು ಒಳ್ಳೆಯ ಬದುಕಾಗಿ ಪರಿವರ್ತಿಸಿಕೊಳ್ಳಲು ಇತರರಿಗಿಂತ ಹೆಚ್ಚು ವೆಚ್ಚ ಮಾಡಬೇಕಾಗುವುದು ಇನ್ನೊಂದು ತೊಡಕು ಎಂದು ಅವರು ವಿಶ್ಲೇಷಿಸಿದ್ದಾರೆ. ಶಾಲೆಗೂ ಇದು ಅನ್ವಯಿಸುತ್ತದೆ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ ಕೊಟ್ಟರೆ ಸಮಾನತೆ ಬಂದಂತಲ್ಲ. ಅದನ್ನು ಕಲಿಕೆಯಾಗಿ ಪರಿವರ್ತಿಸುವ ಶಕ್ತಿಯನ್ನೂ ಒದಗಿಸಬೇಕು. ಆ ಪರಿವರ್ತನೆಯ ಸೇತು ಶಿಕ್ಷಕರೇ. ಯುನೆಸ್ಕೊ 2019ರಲ್ಲಿ ಪ್ರಕಟಿಸಿದ ಭಾರತದ ವರದಿ, ಐದು ವರ್ಷದ ಅಂಗವೈಕಲ್ಯವುಳ್ಳ ಮಕ್ಕಳಲ್ಲಿ ಮುಕ್ಕಾಲು ಪಾಲು ಯಾವುದೇ ಶಿಕ್ಷಣ ಸಂಸ್ಥೆಗೆ ಹೋಗುತ್ತಿಲ್ಲವೆಂದು ಜನಗಣತಿಯ ಆಧಾರದ ಮೇಲೆ ಹೇಳಿತು. ಭಾಷೆ ಕೂಡಿಬರುವ ವಯಸ್ಸಿನಲ್ಲಿ ಕಳೆದುಹೋದ ಆ ವರ್ಷಗಳ ನಷ್ಟ ಯಾವ ಆಯವ್ಯಯದಲ್ಲಿಯೂ ನಮೂದಾಗುವುದಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ವಿಶೇಷ ಶಿಕ್ಷಕರ ತರಬೇತಿಯ ಮೊದಲ ವರ್ಷ ಎಲ್ಲ ನ್ಯೂನತೆಗಳಿಗೂ ಸಾಮಾನ್ಯವಾಗಿರಲಿ, ಅದರಲ್ಲಿ ಕೈಯಾರೆ ಮಾಡುವ ಅಭ್ಯಾಸವೂ ಸೇರಿರಲಿ. ಒಂದು ನ್ಯೂನತೆಯ ಆಳವಾದ ಅಧ್ಯಯನ ಎರಡನೆಯ ವರ್ಷಕ್ಕಿರಲಿ. ಪ್ರಾಥಮಿಕ ಸನ್ನೆ ಭಾಷೆ, ಕನ್ನಡ ಬ್ರೈಲ್, ಪರದೆ ಓದುವ ತಂತ್ರಾಂಶದ ಬಳಕೆ ಈ ಮೂರೂ ಪ್ರತಿಯೊಬ್ಬರಿಗೂ ಕಡ್ಡಾಯವಾಗಲಿ.

ಎರಡನೆಯದಾಗಿ, ಜಾಗತಿಕ ಅನುಭವದ ಒಂದು ಪೂರ್ಣ ಪತ್ರಿಕೆ ಕನ್ನಡದಲ್ಲಿ ಬರಲಿ. ವಿಶ್ವಸಂಸ್ಥೆಯ ಒಡಂಬಡಿಕೆಯ 24ನೆಯ ವಿಧಿ, ಅದನ್ನು ವಿವರಿಸಿ ಸಂಬಂಧಪಟ್ಟ ಸಮಿತಿ 2016ರಲ್ಲಿ ಹೊರಡಿಸಿದ ಸಾಮಾನ್ಯ ವ್ಯಾಖ್ಯಾನ, ಮಿಲಾನ್‌ನಿಂದ ವ್ಯಾಂಕೂವರ್‌ವರೆಗಿನ ಕಥನ, ಇಟಲಿ ಮತ್ತು ಇಂಗ್ಲೆಂಡಿನ ಪ್ರಯೋಗಗಳು ಸರಳ ಕನ್ನಡದಲ್ಲಿ ಪ್ರಶಿಕ್ಷಣಾರ್ಥಿಗಳ ಕೈಗೆ ಸಿಗಬೇಕು. ಪರೀಕ್ಷೆಯಲ್ಲಿ ಇಸವಿ ಕೇಳುವ ಬದಲು, ತಮ್ಮ ಅಭ್ಯಾಸದ ಶಾಲೆಯಲ್ಲಿ ಈ ಪೈಕಿ ಯಾವುದನ್ನು ನಾಳೆಯೇ ಮಾಡಬಹುದು, ಯಾವುದು ಹೊಂದದು ಎಂದು ಬರೆಯಿಸಬೇಕು.

ಮೂರನೆಯದಾಗಿ, ತರಬೇತಿ ಸಂಸ್ಥೆಗಳಲ್ಲಿ ಅಂಗವೈಕಲ್ಯವುಳ್ಳ ಬೋಧಕರು ಇರಲೇಬೇಕು. ಕಿವುಡ ಬೋಧಕರಿಂದ ಸನ್ನೆ ಭಾಷೆ ಕಲಿತ ಪ್ರಶಿಕ್ಷಣಾರ್ಥಿಗೆ ಕಿವುಡುತನದ ಬಗ್ಗೆ ಉಪನ್ಯಾಸ ಬೇಕಾಗುವುದಿಲ್ಲ.

ನಾಲ್ಕನೆಯದಾಗಿ, ಹುದ್ದೆಗಳು ಕಾಯಂ ಆಗಿರಬೇಕು. ವರ್ಷ ವರ್ಷ ನವೀಕರಣಕ್ಕೆ ಕಾಯುವ ಗುತ್ತಿಗೆ ಶಿಕ್ಷಕರು ಹೊಸದನ್ನು ಕಲಿಯಲು ಉತ್ಸಾಹ ತೋರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪ್ರತಿ ಶಾಲೆಯಲ್ಲಿಯೂ ಈ ಮಕ್ಕಳ ಹೊಣೆ ಹೊರುವ ಒಬ್ಬ ಸಾಮಾನ್ಯ ಶಿಕ್ಷಕರನ್ನು ಹೆಸರಿಸಿ, ಡಯಟ್‌ಗಳ ಮೂಲಕ ತರಬೇತಿ ನೀಡಿದರೆ ಬಿಐಇಆರ್‌ಟಿಗಳ ಭೇಟಿಯ ನಡುವಣ ದಿನಗಳೂ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ, ಪ್ರಗತಿ ಪರಿಶೀಲನಾ ಸಭೆಗಳ ಪ್ರಶ್ನೆಗಳು ಬದಲಾಗಬೇಕು. ಎಷ್ಟು ಮಕ್ಕಳು ದಾಖಲಾಗಿದ್ದಾರೆ ಎಂಬುದರ ಜೊತೆಗೆ ಈ ವರ್ಷ ಆ ಮಗು ಏನನ್ನು ಕಲಿತಿದೆ, ಕೊಟ್ಟ ಸಾಧನ ಇಂದು ಬಳಕೆಯಲ್ಲಿದೆಯೇ, ತಂದೆತಾಯಿಗಳನ್ನು ಕೇಳಿ ಯೋಜನೆ ಬರೆಯಲಾಗಿದೆಯೇ ಎಂದು ಜಿಲ್ಲಾಧಿಕಾರಿಗಳೂ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೂ ಕೇಳಲಾರಂಭಿಸಿದರೆ ಕೆಳಹಂತದವರೆಗೆ ಉತ್ತರ ಹುಡುಕುವ ಪರಿಪಾಠ ಬೆಳೆಯುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ನ್ಯಾಯಾಲಯದ ನಿರ್ದೇಶನದಂತೆ ಹುದ್ದೆಗಳು ಇಂದಲ್ಲ ನಾಳೆ ಭರ್ತಿಯಾಗಲೇಬೇಕು. ಹಾಗೆ ಬರುವ ಯುವ ಶಿಕ್ಷಕ, ಶಿಕ್ಷಕಿಯರು ಮೂವತ್ತು ವರ್ಷ ಸೇವೆಯಲ್ಲಿರುತ್ತಾರೆ, ಹಲವು ತಲೆಮಾರಿನ ಮಕ್ಕಳು ಅವರ ಕೈಯಡಿಯಲ್ಲಿ ಬೆಳೆಯುತ್ತಾರೆ. ಆದ್ದರಿಂದ ನೇಮಕಾತಿಯ ಅಧಿಸೂಚನೆ ಹೊರಡಿಸುವ ಅವಸರದಲ್ಲಿ ತರಬೇತಿಯ ಪಠ್ಯಕ್ರಮವನ್ನು ಪರಿಷ್ಕರಿಸುವ ಕೆಲಸವನ್ನು ಮುಂದೂಡಬಾರದು. ಎರಡೂ ಕಡತಗಳು ಜೊತೆಯಾಗಿ ಸಾಗಲಿ.